ಹುರುಳಿ ಹರಡಿದ ತಿರುವಿನಲ್ಲಿ ಎಬಿಎಸ್

ಚಕ್ರ ಲಾಕಾಗದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಲು ನನ್ನ ಬೆರಳೇ ಸಾಕು, ಸ್ಪೋರ್ಟ್ಸ್ ಬೈಕಿಗೆ ಎಬಿಎಸ್ ಯಾಕೆ ಎಂದು ಹಾಸನದ ಶೋರೂಮಿನಲ್ಲಿ ಚರ್ಚಾಸ್ಪರ್ಧೆಯ ಠೀವಿಯಲ್ಲಿ ವಾದಿಸಿದೆ. ಜೊತೆಗೆ ಬಂದಿದ್ದ ದಂಡಿಗನಹಳ್ಳಿಯ ಭಾವ ಒಂದೇ ಮಾತು ಕೇಳಿದರು: “ರೋಡ್ ಮ್ಯಾಲೆ ಹುಳ್ಳಿ ಆಕಿರ್ತಾರಲ್ಲ, ಅಲ್ಲಿ ನಿನ್ ಬೆರ್ಳು ಏನ್ ಮಾಡ್ತದ್ಲಾ?” ವಾದ ಅಲ್ಲಿಗೇ ಬಿಟ್ಟು, ಎಬಿಎಸ್ ಇದ್ದದ್ದನ್ನೇ ಕೊಂಡೆ.

ಸುಗ್ಗಿಯಲ್ಲಿ ಅವರೂರಿಗೆ ಹೊರಟಾಗ, ವಾಹನಗಳು ತುಳಿದು ಕಾಳು ಬಿಡಿಸಲೆಂದು ಡಾಂಬರಿನ ಮೇಲೆ ಹರಡಿದ್ದ ಹುರುಳಿಗಿಡ ತಿರುವಿನಲ್ಲೇ ಎದುರಾಯಿತು. ಅದನ್ನು ಕೆದರುತ್ತಿದ್ದ ಅಜ್ಜಿಯೂ. ಬ್ರೇಕ್ ಅದುಮಿದೆ. ಅಂದುಕೊಂಡದ್ದಕ್ಕಿಂತ ದೂರ ಹೋಯಿತು ನಿಜ, ಆದರೆ ಬೈಕು ಜಾರಲಿಲ್ಲ. ಅಜ್ಜಿಯ ಮುಂದೆ ನೆಟ್ಟಗೆ ನಿಂತಿತು.

“ನಿಂತ್ಕಂಡ್ಯಲ್ಲೋ! ತುಳಿಸ್ಕೊಂಡ್ ಓಗ್ಲಿ ಅಂತಾನೇ ಆಕಿರೋದು ಕಣ್ಲಾ!” ಎಂದು ಅಜ್ಜಿ ಗದರಿದರು.

ಅವರ ಹುರುಳಿಯನ್ನು ನಿಧಾನವಾಗಿ ತುಳಿಸಿಕೊಂಡೇ ಹೋಗಿ, ಭಾವನಿಗೆ ಕೈಮುಗಿದೆ. ಆ ವಾದ ಸೋತದ್ದೇ ನನ್ನ ಪುಣ್ಯ.