ಮುಳ್ಳು ಹಾಕಿದ ಮನೆಯ ಪಟ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಗೌರಿಬಿದನೂರಿನಲ್ಲಿ ಶಾಲಾ ಮೇಷ್ಟ್ರಾಗಿದ್ದೆ. ಮದುವೆಯಾಗಿರಲಿಲ್ಲ. ಒಂದು ಸೈಕಲ್ಲು, ಒಂದು ಹಳೆಯ ಡಬ್ಬಿ ಕ್ಯಾಮೆರಾ ಇಷ್ಟೇ ನನ್ನ ಆಸ್ತಿ. ಭಾನುವಾರ ಬಂತೆಂದರೆ ತೊಂಡೇಬಾವಿ ಕಡೆಯ ಹೊಲಗಳಲ್ಲಿ ಯಾರೂ ವಾಸವಿಲ್ಲದ ಒಕ್ಕಲು ಮನೆಗಳನ್ನು ಹುಡುಕಿಕೊಂಡು ಹೊರಡುತ್ತಿದ್ದೆ. ಬಾವಿ ಬತ್ತಿತೆಂದು, ಅಣ್ಣತಮ್ಮಂದಿರು ಪಾಲಾದರೆಂದು, ಪ್ಲೇಗಿನ ಕಾಲದಲ್ಲಿ ಹೋದವರು ತಿರುಗಿ ಬರಲಿಲ್ಲವೆಂದು ಪಾಳುಬಿದ್ದ ಮನೆಗಳು ಅವು. ಅಂಥವುಗಳ ಮೇಲೆ ನನಗೆ ಯಾಕೆ ಮನಸ್ಸು ಹೋಯಿತೋ ಹೇಳಲಾರೆ. ಮನುಷ್ಯರಾದರೆ ಕ್ಯಾಮೆರಾ ಕಂಡೊಡನೆ ಉಸಿರು ಬಿಗಿಹಿಡಿದು ನಿಂತುಬಿಡುತ್ತಿದ್ದರು. ಮನೆಗಳಿಗೆ ಆ ಚಾಳಿ ಇರಲಿಲ್ಲ.

ಫಿಲಂ ತೊಳೆದುಕೊಡುತ್ತಿದ್ದ ಸ್ಟುಡಿಯೋದ ಸಾಹೇಬರಿಗೆ ನಾನೊಂದು ತಮಾಷೆಯ ವಸ್ತು. "ಮೇಷ್ಟ್ರೇ, ಸಂಬಳ ಎಲ್ಲಾ ಮುರುಕಲು ಗೋಡೆಗೆ ಸುರೀತಿದ್ದೀರಲ್ಲ. ಒಂದು ಹುಡುಗಿ ಫೋಟೋ ತಗೊಂಬನ್ನಿ, ಪುಕ್ಕಟೆ ತೊಳ್ಕೊಡ್ತೀನಿ" ಎನ್ನುತ್ತಿದ್ದರು. ಕಣ್ಣಿಗೆ ಕೆಂಪಗೆ ಕಾಣುವ ಮಣ್ಣಿನ ಗೋಡೆ ಆ ಫೋಟೋಗಳಲ್ಲಿ ಕರ್ರಗೆ ಬರುತ್ತಿತ್ತು. ಬಿಸಿಲು ಬಿದ್ದ ಜಗಲಿ ಮಾತ್ರ ಬೆಳ್ಳಗೆ. ಪ್ರಿಂಟು ಕೈಗೆ ಬಂದಾಗಲೆಲ್ಲ ನನಗೆ ಒಂದು ಬಗೆಯ ಮಂಕು ಕವಿಯುತ್ತಿತ್ತು, ಆದರೂ ಮುಂದಿನ ವಾರ ಮತ್ತೆ ಹೋಗುತ್ತಿದ್ದೆ.

ನನ್ನ ಅಕ್ಕನನ್ನು ಕೊಟ್ಟಿದ್ದು ಚಿಂತಾಮಣಿಯ ಹತ್ತಿರ, ಅಂಬಾಜಿದುರ್ಗದ ಬುಡದ ಒಂದು ತೋಟದ ಮನೆಗೆ. ಕಲ್ಲುಕಂಬದ ದೊಡ್ಡ ಮಾಳಿಗೆ ಮನೆ. ಅದರ ಅರ್ಧ ಭಾಗದಲ್ಲಿ ಅಕ್ಕ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳು ಸೊಪ್ಪು ತಿನ್ನುವ ಸದ್ದು ಕೇಳಿಯೇ ಅವಕ್ಕೆ ಹಸಿವೆಷ್ಟು ಎಂದು ಹೇಳುತ್ತಿದ್ದಳು. ಅವಳ ರೇಷ್ಮೆಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿತ್ತು. ಆ ಮನೆಯಲ್ಲಿ ಅವಳ ಮಾತಿಗೆ ತೂಕವಿದ್ದದ್ದು ಆ ಹುಳುಗಳಿಂದಲೇ.

ಹೀಗಿರುವಾಗ ಅವಳ ಅತ್ತೆ ತೀರಿಕೊಂಡರು. ಪ್ರಾಣ ಹೋದ ನಕ್ಷತ್ರ ಕೆಟ್ಟದ್ದು, ಆರು ತಿಂಗಳು ಮನೆ ಬಿಡಬೇಕು ಎಂದರು ಜೋಯಿಸರು. ನಮ್ಮ ಕಡೆ ಇದು ಹೊಸದಲ್ಲ. ಬಾಗಿಲಿಗೆ ಅಡ್ಡಲಾಗಿ ಜಾಲಿಮುಳ್ಳು ಹಾಕಿ ಹೊರಟರೆ, ಅವಧಿ ಮುಗಿದ ಮೇಲೆ ಶಾಂತಿ ಮಾಡಿಸಿ ಮತ್ತೆ ಒಳಗೆ ಹೋಗುವುದು ಪದ್ಧತಿ. ದನಗಳನ್ನು ಮಾರಿ ಎಲ್ಲರೂ ಚಿಂತಾಮಣಿಯ ಒಂದು ಬಾಡಿಗೆ ಮನೆಗೆ ಬಂದರು. ಆರು ತಿಂಗಳಾಯಿತು. ಅಕ್ಕನ ಮಾವ ಶಾಂತಿಗೆ ಒಪ್ಪಲಿಲ್ಲ. ಈಗ ಆಷಾಢ ಎಂದರು, ಆಮೇಲೆ ಧನುರ್ಮಾಸ ಎಂದರು. ಕೊನೆಗೆ, ಮಾಳಿಗೆ ಕುಸಿದಿದೆಯಂತೆ, ಗೋಡೆ ಬಿದ್ದಿದೆಯಂತೆ, ಅಲ್ಲಿಗೆ ಹೋಗಿ ಮಾಡುವುದೇನು ಎನ್ನತೊಡಗಿದರು. ತಾವು ಹೋಗಿ ನೋಡಲೂ ಇಲ್ಲ. ಹೀಗೆ ಎರಡು ವರ್ಷ ಕಳೆಯಿತು.

ಯುಗಾದಿಗೆ ಹೋದಾಗ ಅಕ್ಕ ಅಡುಗೆಮನೆಯಲ್ಲಿ ನನ್ನನ್ನು ಹಿಡಿದು ಕೂರಿಸಿಕೊಂಡಳು. "ಬಾಡಿಗೆ ಮನೇಲಿ ಕೈಕಟ್ಕೊಂಡು ಕೂತಿದ್ದೀನಿ ಕಣೋ. ಹುಳ ಸಾಕ್ತೀನಿ ಅಂದ್ರೆ ಬಾಡಿಗೆಗೆ ಕೊಟ್ಟೋರು ವಾಸನೆ ಅಂತಾರೆ. ಇನ್ನೊಂದು ವರ್ಷ ಹಿಂಗೇ ಇದ್ರೆ ನಂಗೆ ಹುಚ್ಚು ಹಿಡಿಯುತ್ತೆ. ನೀನು ಊರಲ್ಲಿರೋ ಹಾಳುಮನೆಗಳ್ನೆಲ್ಲಾ ಹಿಡೀತೀಯಲ್ಲ, ನಮ್ಮನೇದೂ ಒಂದು ಹಿಡ್ಕೊಂಬಾರಪ್ಪ. ಗೋಡೆ ನಿಂತಿರೋದನ್ನ ಮಾವ ಕಣ್ಣಾರೆ ನೋಡ್ಲಿ. ದೊಡ್ಡದು ಮಾಡ್ಸು, ಅವರಿಗೆ ಕಣ್ಣು ಮಂಜು."

ಭಾವ ನನ್ನನ್ನು ಕರೆದುಕೊಂಡು ಹೋದರು. ಹೋದವರು ಬಾವಿಕಟ್ಟೆಯ ಹತ್ತಿರವೇ ನಿಂತುಬಿಟ್ಟರು, ಮುಂದೆ ಬರಲಿಲ್ಲ. ಮಾಳಿಗೆಯ ಮೇಲೆ ಹುಲ್ಲು ಬೆಳೆದಿತ್ತು, ಒಂದು ಮೂಲೆಯಲ್ಲಿ ನೀರು ಸೋರಿದ ಕಲೆಯಿತ್ತು, ಅಷ್ಟೇ. ಬಾಗಿಲ ಮುಳ್ಳು ಒಣಗಿ ಉದುರಿತ್ತು. ಎಷ್ಟೋ ಮನೆಗಳನ್ನು ಹಿಡಿದವನು ನಾನು, ಈ ಮನೆ ಮಾತ್ರ ಗಟ್ಟಿಯಾಗಿ ಕಾಣಲಿ ಎಂದು ಅಂದು ಹಟ ಹಿಡಿದೆ. ಎಳೆ ಬಿಸಿಲು ಗೋಡೆಯ ಮೇಲೆ ಪೂರ್ತಿ ಬೀಳುವವರೆಗೆ ಕಾದೆ. ಕ್ಯಾಮೆರಾವನ್ನು ಹೊಟ್ಟೆಗೆ ಒತ್ತಿ ಹಿಡಿದು, ಉಸಿರು ಕಟ್ಟಿ ಗುಂಡಿ ಒತ್ತಿದೆ.

ಸಾಹೇಬರು ಅದನ್ನು ದೊಡ್ಡದು ಮಾಡಿ, ಚುಕ್ಕಿಗಳನ್ನೆಲ್ಲ ಕುಂಚದಿಂದ ತಿದ್ದಿ, ಕಪ್ಪು ಚೌಕಟ್ಟಿನಲ್ಲಿ ಗಾಜು ಹಾಕಿ ಕೊಟ್ಟರು. ಅಷ್ಟು ಚೆನ್ನಾದ ಫೋಟೋ ನಾನು ಮತ್ತೆ ತೆಗೆಯಲಿಲ್ಲ. ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಚಿಂತಾಮಣಿಗೆ ಒಯ್ದೆ.

ಮಾವ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಕಂಬಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಮನಸ್ಸು ತುಂಬಿದಾಗ ಅವರ ಬಾಯಲ್ಲಿ ತೆಲುಗೇ ಬರುವುದು. "ಬಾಗುಂದಿ" ಎಂದರು, ಚೆನ್ನಾಗಿದೆ ಎಂದು. ಆಮೇಲೆ, "ಎಲ್ಲಾ ಹಂಗೇ ಐತೆ" ಎಂದರು. ಬಾಗಿಲ ಹಿಂದೆ ನಿಂತಿದ್ದ ಅಕ್ಕನ ಮುಖ ಅರಳಿತು. ನನಗೂ ಗೆದ್ದೆವು ಅನ್ನಿಸಿತು.

ಭಾವ ಧೈರ್ಯ ಮಾಡಿ, "ಹಂಗಾದ್ರೆ ಜೋಯಿಸರ್ನ ಕೇಳಣವಾ, ಅಪ್ಪ?" ಎಂದರು.

ಮಾವ ಹೆಗಲ ಟವೆಲಿನಿಂದ ಗಾಜನ್ನು ಒರೆಸಿ, ಒಂದು ಮೊಳೆ ತರಲು ಹೇಳಿದರು. ಗೋಡೆಯ ಮೇಲಿದ್ದ ಅತ್ತೆಯ ಪಟದ ಪಕ್ಕ ಜಾಗ ತೋರಿಸಿದರು. ಭಾವ ಮೊಳೆ ಹೊಡೆದರು, ಅಪ್ಪನ ಮಾತಿಗೆ ಎದುರಾಡಿ ಅವರಿಗೆ ಅಭ್ಯಾಸವಿರಲಿಲ್ಲ. ಆಗೆಲ್ಲ ನಮ್ಮ ಮನೆಗಳಲ್ಲಿ ದೇವರನ್ನು ಬಿಟ್ಟರೆ ತೀರಿಹೋದವರಿಗಷ್ಟೇ ಚೌಕಟ್ಟು ಹಾಕಿ ಗೋಡೆಗೆ ಏರಿಸುತ್ತಿದ್ದರು. ಬದುಕಿದ್ದವರ ಫೋಟೋ ಟ್ರಂಕಿನಲ್ಲಿರುತ್ತಿತ್ತು. ಫೋಟೋ ದೊಡ್ಡದು ಮಾಡಿಸುವಾಗ ಅದು ಅಕ್ಕನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಮಾವ ತಾವೇ ಕುಂಕುಮ ತಂದು, ಫೋಟೋದಲ್ಲಿ ಹೊಸ್ತಿಲು ಕಾಣುವ ಕಡೆ, ಗಾಜಿಗೆ ಒಂದು ಬೊಟ್ಟಿಟ್ಟರು. ಹೆಂಡತಿಯ ಪಟದ ಹೂವಿನಲ್ಲಿ ಅರ್ಧ ಕಿತ್ತು ಅದಕ್ಕೂ ಮುಡಿಸಿದರು.

"ಇಬ್ರೂ ಒಂದೇ ಕಡೆ ಇರ್ಲಿ ಬಿಡಮ್ಮ" ಎಂದರು ಅಕ್ಕನಿಗೆ. ಅವರ ಕಣ್ಣಲ್ಲಿ ನೀರಿತ್ತು. ನನಗೆ ಅವರ ಮೇಲೆ, ಜೋಯಿಸರ ಮೇಲೆ, ಕ್ಯಾಮೆರಾದ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು. ಅಳುತ್ತಿರುವ ಮುದುಕನಿಗೆ ಏನು ಹೇಳುವುದು? ಅಕ್ಕ ಒಳಗೆ ಹೋಗಿ ಊಟಕ್ಕೆ ಎಲೆ ಹಾಕಿದಳು.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವಳು ಸ್ನಾನ ಮುಗಿಸಿ ಸ್ಟೂಲು ಹತ್ತಿದ್ದಳು. ಪಟಗಳಿಗೆ ಹೂ ಮುಡಿಸುವುದು ಸೊಸೆಯ ಕೆಲಸ. ಮೊದಲು ಅತ್ತೆಗೆ ಇಟ್ಟಳು, ಆಮೇಲೆ ತನ್ನ ಮನೆಗೆ ಇಟ್ಟಳು.

"ಬುತ್ತಿ ಮರೀಬೇಡ ಕಣಪ್ಪ" ಎಂದಳು, ನನ್ನ ಕಡೆ ತಿರುಗದೆ.