ಗಾದ್ರಮ್ಮನ ಕಾಲಿಗೆ ಬಂದ ಅರ್ಧ ಇಂಚು

ನಮ್ಮ ಸಾಸ್ವೆಹಳ್ಳಿಯ ಸುತ್ತ ಭತ್ತ ನಾಟಿ ಮಾಡುವ ಹೆಂಗಸರಲ್ಲಿ ಬದುವಿನ ಪಟ್ಟಿ ಎಂದರೆ ಮರ್ಯಾದೆಯ ಜಾಗ. ಹದಿನಾಲ್ಕು ಹದಿನೈದು ಮಂದಿ ಕೆಸರಿನಲ್ಲಿ ಸಾಲಾಗಿ ಬಗ್ಗಿ, ತಮ್ಮ ತಮ್ಮ ಪಟ್ಟಿಯಲ್ಲಿ ಸಸಿ ಊರುತ್ತ ಹಿಂದಕ್ಕೆ ಸರಿಯುತ್ತಾರೆ. ಬದುವಿಗೆ ಅಂಟಿದ ಮೊದಲ ಪಟ್ಟಿಯವಳ ಕೈ ಎಷ್ಟು ಬೇಗ ಓಡುತ್ತದೆಯೋ ಉಳಿದವರ ಕೈಯೂ ಅಷ್ಟೇ ಬೇಗ ಓಡಬೇಕು. ಗಾದ್ರಮ್ಮ ಆ ಪಟ್ಟಿಯನ್ನು ಇಪ್ಪತ್ತಾರು ವರ್ಷ ಯಾರಿಗೂ ಬಿಟ್ಟುಕೊಟ್ಟವಳಲ್ಲ.

ಹುಟ್ಟಿನಿಂದ ಆಕೆ ಗದ್ದೆಯವಳೂ ಅಲ್ಲ. ತವರು ಜಗಳೂರು ಸೀಮೆ. ಅಲ್ಲಿ ಶೇಂಗಾ ಹೊಲದಲ್ಲಿ ಕಳೆ ತೆಗೆದು, ಮೈಲಿ ದೂರದಿಂದ ನೀರು ಹೊತ್ತು ಬೆಳೆದವಳು. ಉಚ್ಚಂಗೆಪ್ಪನನ್ನು ಮದುವೆಯಾಗಿ ಈ ಊರಿಗೆ ಬಂದ ಮೇಲೆಯೇ ಮೊದಲ ಸಲ ಕೆಸರಿಗೆ ಕಾಲಿಟ್ಟದ್ದು.

“ಎಮ್ಮೆ ನಿಂತಂಗೆ ನಿಂತಿದ್ದೆ ಮೇಷ್ಟ್ರೇ,” ಎಂದು ಆಕೆಯೇ ನನಗೆ ಹೇಳುತ್ತಿದ್ದಳು. “ನಮ್ಮತ್ತೆ ಬದುವಿನ ಮ್ಯಾಲೆ ಕುಂತು, ಜಗಳೂರಿನಿಂದ ಕಲ್ಲು ತಂದಾನೆ ನನ್ನ ಮಗ ಅಂತ ಊರಿಗೆಲ್ಲ ಸಾರಿದ್ಲು.”

ಗಂಡ ಬೇಗ ತೀರಿಕೊಂಡ. ಮಗ ಮಾರುತೇಶನನ್ನು ಈ ನಾಟಿಯಲ್ಲೇ ಸಾಕಿದಳು. ಮಳೆಗಾಲದಲ್ಲಿ ಒಂದು ನಾಟಿ, ಚಾನಲ್ ನೀರು ಬಿಟ್ಟರೆ ಬೇಸಿಗೆಗೆ ಇನ್ನೊಂದು. ನಡುವಿನ ತಿಂಗಳುಗಳಲ್ಲಿ ಅಡಿಕೆ ಸುಲಿಯಲು ಚನ್ನಗಿರಿಯ ಕಡೆ ಹೋಗುತ್ತಿದ್ದಳು. ಆದರೆ ಸುಲಿಯುವ ಕೆಲಸ ಕುಳಿತು ಮಾಡುವಂಥದ್ದೆಂದು ಆಕೆಗೆ ತಾತ್ಸಾರ. “ಕುಂತು ಮಾಡೋದು ಒಂದು ಕೆಲಸಾನಾ,” ಎನ್ನುವಳು.

ನಾಟಿಯಲ್ಲಿ ಹಿಂದೆ ಬಿದ್ದವಳಿಗೆ ಒಂದು ಶಿಕ್ಷೆಯುಂಟು. ಎಡಬಲದವರು ಬೇಗ ಬೇಗ ಊರಿ ಸರಿದುಬಿಟ್ಟರೆ, ನಿಧಾನದವಳ ಮೂರು ಕಡೆಯೂ ಹಸಿರು ಸಸಿ ನಿಂತು ಆಕೆಯೊಬ್ಬಳೇ ನಡುವೆ ಸಿಕ್ಕಿಕೊಳ್ಳುತ್ತಾಳೆ. ಆಗ ಗುಂಪು, “ದೊಡ್ಡಿಗೆ ಬಿದ್ಲು, ದೊಡ್ಡಿಗೆ ಬಿದ್ಲು, ಗಂಡನ್ನ ಕರೀರಿ, ಬೆಲ್ಲ ಕೊಟ್ಟು ಬಿಡಿಸ್ಕೊಂಡು ಹೋಗ್ಲಿ,” ಎಂದು ಕೂಗುತ್ತದೆ. ಬೀಡಾಡಿ ದನವನ್ನು ಹಿಡಿದು ದೊಡ್ಡಿಗೆ ಕೂಡುವಂತೆ. ಗುಂಪಿನಲ್ಲಿ ಗಾದ್ರಮ್ಮನ ಕೈಯಲ್ಲಿ ದೊಡ್ಡಿಗೆ ಬೀಳದವಳು ಒಬ್ಬಳೂ ಇರಲಿಲ್ಲ. ಮಾತಿನಲ್ಲಿ ಆಕೆಗೆ ಸರಿಸಾಟಿಯಾದ ಭೀಮಕ್ಕನೂ ಬಿದ್ದವಳೇ.

ನಾನು ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಒಂದು ವರ್ಷ ರಕ್ತಪರಿಚಲನೆಯ ಪಾಠ ಬಂದಾಗ ಎಂಟನೆಯ ತರಗತಿಯ ಮಕ್ಕಳಿಗೆ ನಾಡಿ ಎಣಿಸುವುದನ್ನು ಕಲಿಸಿದೆ. ನನ್ನದು ಎಂಬತ್ತೆರಡು ಬಂತು. ವ್ಯಾಯಾಮದ ಮೇಷ್ಟ್ರದು ಎಪ್ಪತ್ತನಾಲ್ಕು. ಶಾಲೆಯ ಹಿಂದಿನ ಗದ್ದೆಯ ಬದುವಿನಲ್ಲಿ ಊಟ ಮುಗಿಸಿ ಕುಳಿತಿದ್ದ ಗಾದ್ರಮ್ಮನ ಕೈ ಹಿಡಿದು ಎಣಿಸಿದರೆ ಐವತ್ತಾರು. ಮಕ್ಕಳು ತಪ್ಪು ಎಣಿಸಿದ್ದಾರೆಂದು ನಾನೇ ಎಣಿಸಿದೆ. ಐವತ್ತಾರೇ.

“ಯಾಕ್ರಿ ಮೇಷ್ಟ್ರೇ, ಕಮ್ಮಿ ಬಂತಾ? ಫೇಲಾ ನಾನು?”

“ಇಲ್ಲಮ್ಮ, ನೀವೇ ಮೊದಲು.”

“ಹಂಗಾದ್ರೆ ಒಂದು ಸರ್ಟಿಫಿಕೇಟು ಬರಕೊಡ್ರಿ.”

ದುಡಿದು ಪಳಗಿದ ಗುಂಡಿಗೆ ಒಂದು ಬಡಿತಕ್ಕೆ ಹೆಚ್ಚು ರಕ್ತ ನೂಕುತ್ತದೆ, ಆದ್ದರಿಂದ ಅದಕ್ಕೆ ಆತುರವಿಲ್ಲ ಎಂದು ಆ ದಿನ ಮಕ್ಕಳಿಗೆ ವಿವರಿಸಿದೆ. ಪಟ ತೋರಿಸಿ ಮಾಡಿದ ಯಾವ ಪಾಠವೂ ಮಕ್ಕಳ ತಲೆಗೆ ಅಷ್ಟು ಚೆನ್ನಾಗಿ ಹೋದ ನೆನಪಿಲ್ಲ.

ಹೋದ ವರ್ಷ ಆಕೆಗೆ ಅರವತ್ತೇಳು. ದಸರೆ ಕಳೆದ ಮೇಲೆ ಊರಿನಲ್ಲಿ ಗಂಟುಗಂಟೂ ನೋಯುವ ಜ್ವರ ಹರಡಿ, ಆಕೆಗೂ ಹತ್ತಿತು. ಜ್ವರ ಆರು ದಿನಕ್ಕೆ ಬಿಟ್ಟಿತು. ಆಕೆ ಮಂಚದ ಮೇಲಿದ್ದದ್ದು ಮಾತ್ರ ಇಪ್ಪತ್ತಾರು ದಿನ. ಸೊಸೆ ಚೈತ್ರಶ್ರೀ ಬಲು ಒಳ್ಳೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಅತ್ತೆಯನ್ನು ನೆಲಕ್ಕೆ ಇಳಿಯಬಿಡಲಿಲ್ಲ. ಮುಖ ತೊಳೆಯಲು ನೀರು ಮಂಚಕ್ಕೆ, ಗಂಜಿ ಮಂಚಕ್ಕೆ. ನೋಡಲು ಬಂದವರೆಲ್ಲ, “ಇಂಥ ಸೊಸೆ ಸಿಗಾಕೆ ಪುಣ್ಯ ಮಾಡಿರಬೇಕು,” ಎಂದರು. “ಇಷ್ಟು ವರ್ಷ ದುಡಿದಾಳೆ, ಮಲಗ್ಲಿ ಬಿಡು,” ಎಂದರು. ನಾನೂ ಒಮ್ಮೆ ಕಿತ್ತಳೆಹಣ್ಣು ಹಿಡಿದು ಹೋಗಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದೇ ಹೇಳಿ ಬಂದೆ. ನಮ್ಮಲ್ಲಿ ಹಿರಿಯರನ್ನು ಗೌರವಿಸುವುದೆಂದರೆ ಅವರನ್ನು ಏಳದಂತೆ ನೋಡಿಕೊಳ್ಳುವುದೇ ಆಗಿದೆ.

ಇಪ್ಪತ್ತೇಳನೆಯ ದಿನ ಗಾದ್ರಮ್ಮ ಮಂಚದಿಂದ ಇಳಿದು ನಿಂತಳು. ಕಣ್ಣಿಗೆ ಕತ್ತಲೆ ಬಂದು ಮತ್ತೆ ಕುಳಿತಳು.

ಚೈತ್ರಶ್ರೀ ನನ್ನನ್ನು ಕರೆಯಲು ಬಂದಳು. ಹೋಗಿ ನೋಡಿದರೆ ತೊಡೆಯ ಚರ್ಮ ಜೋತುಬಿದ್ದಿತ್ತು. ಮನೆಗೆ ಬಂದು ಹಳೆಯ ಪುಸ್ತಕಗಳನ್ನು ತೆಗೆದೆ, ಫೋನಿನಲ್ಲಿಯೂ ಹುಡುಕಿ ಓದಿದೆ. ಪ್ರಾಯದವನು ಹತ್ತು ದಿನ ಮಲಗಿ ಎದ್ದರೆ ಕಳೆದುಕೊಂಡ ಸ್ನಾಯುವನ್ನು ಕೆಲವು ವಾರಗಳಲ್ಲಿ ಗಳಿಸಿಕೊಳ್ಳುತ್ತಾನೆ. ಅರವತ್ತೈದು ದಾಟಿದವರಿಗೆ ಅದು ಬಹಳ ನಿಧಾನ. ಎಷ್ಟೋ ಸಲ ಪೂರ್ತಿ ಮರಳುವುದೇ ಇಲ್ಲ. ಕಾಲಿಗೆ ಇಳಿದ ರಕ್ತವನ್ನು ಮೇಲಕ್ಕೆ ಕಳಿಸುವುದರಲ್ಲಿ ಮೀನಖಂಡದ ಪಾಲು ದೊಡ್ಡದು. ಒಂದೊಂದು ಹೆಜ್ಜೆಗೂ ಅದು ಬಿಗಿದು ರಕ್ತನಾಳವನ್ನು ಹಿಂಡುತ್ತದೆ. ಅದು ಸೊರಗಿದರೆ ಎದ್ದು ನಿಂತಾಗ ರಕ್ತ ಕಾಲಿನಲ್ಲೇ ನಿಂತು, ತಲೆಗೆ ಸಾಲದೆ ಕಣ್ಣು ಕತ್ತಲೆಗಟ್ಟುತ್ತದೆ. ಇಷ್ಟನ್ನೂ ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದವನು, ಕಿತ್ತಳೆಹಣ್ಣು ಹಿಡಿದು ಹೋದ ದಿನ ಬಾಯಿ ಬಿಡಲಿಲ್ಲ.

“ಬೇಸಿಗೆ ನಾಟಿಗೆ ನಾನು ಇಳೀಬೇಕು ಮೇಷ್ಟ್ರೇ,” ಎಂದಳು ಗಾದ್ರಮ್ಮ, ಓದಿದ್ದನ್ನು ಹೋಗಿ ಹೇಳಿದಾಗ. “ಅದೇನು ಓದೀರೋ, ಅದನ್ನ ಮಾಡಿಸ್ರಿ. ಒಂದು ಸಲ ಬದುವಿನ ಪಟ್ಟಿ ಬಿಟ್ರೆ ಮುಗೀತು. ಆಮೇಲೆ ನನ್ನ ಕರೆಯೋದು ಸಸಿ ಕಟ್ಟಾಕೆ, ನೀರು ಕೊಡಾಕೆ.”

ನಮ್ಮ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟೆ. ಕೈಯೂರದೆ ಅದರಿಂದ ಏಳುವುದು, ಕೂರುವುದು, ಹತ್ತು ಸಲ. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಇಳಿಸುವುದು, ಹದಿನೈದು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನನ್ನ ಮನೆಯವಳಾದ ನಿರ್ಮಲಮ್ಮನ ಹೊಲಿಗೆಯ ಟೇಪಿನಿಂದ ಎಡಗಾಲಿನ ಮೀನಖಂಡವನ್ನು ಅಳೆದೆ. ಹನ್ನೊಂದು ಮುಕ್ಕಾಲು ಇಂಚು.

ಮೊದಲ ದಿನ ಆಕೆ ಎದ್ದದ್ದು ಎರಡು ಸಲ. ಬಾಗಿಲಲ್ಲಿ ನಿಂತಿದ್ದ ಭೀಮಕ್ಕ, “ಏನೇ ಗಾದ್ರಿ, ಶಾಲೆಗೆ ಸೇರೀಯಾ? ಬಸ್ಕಿ ಹೊಡೆಸ್ತಾರೆ ಮೇಷ್ಟ್ರು,” ಎಂದಳು.

“ಹ್ಞೂಂ ಕಣೇ. ಪಾಸಾಗಿ ಬಂದು ನಿನ್ನ ದೊಡ್ಡಿಗೆ ಹಾಕ್ತೀನಿ.”

ಡಿಸೆಂಬರ್ ಮುಗಿಯುವ ಹೊತ್ತಿಗೆ ಏಳು ಸಲ ಏಳುತ್ತಿದ್ದಳು. ಟೇಪು ಮಾತ್ರ ಹನ್ನೊಂದು ಮುಕ್ಕಾಲರಲ್ಲೇ ನಿಂತಿತ್ತು. ಪ್ರತಿ ಭಾನುವಾರ ಅಳೆದು ಮುಗಿಸುವ ಮೊದಲೇ, “ಎಷ್ಟಾತು?” ಎನ್ನುವಳು. ಅಷ್ಟೇ ಎಂದಾಗ ಸೀರೆ ಸರಿಪಡಿಸಿಕೊಳ್ಳುವಳು. ಹಠಕ್ಕೆ ಬಿದ್ದು ಕುರ್ಚಿಯನ್ನು ಬಾಗಿಲ ಬಳಿಗೆ ಹಾಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಅದರಲ್ಲೇ ಇರತೊಡಗಿದಳು. ಏಳನ್ನೂ ಒಟ್ಟಿಗೆ ಮಾಡದೆ ಎರಡು ಸಲ ಎದ್ದು ಕೂರುವುದು, ದಣಿವಾರಲೆಂದು ಒಂದು ಗಂಟೆ ಕಾಲು ಇಳಿಬಿಟ್ಟು ಕುಳಿತೇ ಇರುವುದು, ಮತ್ತೆ ಎರಡು ಸಲ. ಮಂಚಕ್ಕೆ ಹಗಲು ಬೆನ್ನು ಕೊಡುತ್ತಿರಲಿಲ್ಲ. ನಾನು ಅದನ್ನು ಕಂಡು ಮೆಚ್ಚಿಕೊಂಡೆ.

ಜನವರಿಯ ಮೂರನೆಯ ಭಾನುವಾರ ಟೇಪು ಹನ್ನೆರಡೂ ಕಾಲು ತೋರಿಸಿತು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಅಳೆದೆ. ಅರ್ಧ ಇಂಚು ಬಂದಿತ್ತು. ಬಲಗಾಲೂ ಹಾಗೆಯೇ.

“ಬೆಳ್ಳಿ ಕಡಗ ಬಿಗಿ ಆಗ್ಯಾವೆ ಮೇಷ್ಟ್ರೇ, ನಾಕು ದಿನ ಆತು. ನಾನು ಹೇಳಲಿಲ್ಲ, ಟೇಪೇ ಹೇಳ್ಲಿ ಅಂತ.”

ಚೈತ್ರಶ್ರೀ ಮಂಡಕ್ಕಿ, ಚಹಾ ತಂದಳು. ಮಾರುತೇಶ ತಾಯಿಯ ಕಾಲು ನೋಡಿ, “ಮಾಂಸ ಬಂದೈತೆ ಕಣವ್ವ,” ಎಂದ. ನಾನೂ ಬಂದಿದೆ ಎಂದೆ. ಆ ಊತದ ಮೇಲೆ ಒಂದು ಸಲ ಹೆಬ್ಬೆರಳು ಒತ್ತಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಸಿಕ್ಕಬೇಕಾದದ್ದು ಸಿಕ್ಕಿತೆಂಬ ಸಂತೋಷದಲ್ಲಿ, ಎರಡು ತಿಂಗಳು ಕದಲದ ಸ್ನಾಯು ಒಂದು ವಾರದಲ್ಲಿ ಅರ್ಧ ಇಂಚು ಬೆಳೆಯಲಾರದೆಂಬ ಸಣ್ಣ ಲೆಕ್ಕವೂ ಮರೆತುಹೋಯಿತು.

ಫೆಬ್ರುವರಿಯ ಮೊದಲ ವಾರ ಪಂಚಾಕ್ಷರಪ್ಪನವರ ಗದ್ದೆಯಲ್ಲಿ ನಾಟಿ. ಗಾದ್ರಮ್ಮ ಸೆರಗು ಬಿಗಿದು, ತಾನೂ ನಾಟಿಗೆ ಬಂದಿದ್ದ ಸೊಸೆಯ ಭುಜ ಹಿಡಿದು ಬದು ದಾಟಿ ತನ್ನ ಪಟ್ಟಿಗೆ ಇಳಿದಳು. ನಾನು ಬದುವಿನ ಮೇಲೆ ನಿಂತಿದ್ದೆ. ಮೊದಲ ಕಾಲು ಗಂಟೆ ಕೈ ಹಳೆಯ ಹಾಗೆಯೇ ಓಡಿತು. ಕೈಗೆ ಏನೂ ಆಗಿರಲಿಲ್ಲ. ಕೆಸರಿನಿಂದ ಕಾಲು ಕಿತ್ತು ಹಿಂದಿಡುವುದು ಮಾತ್ರ ತಡವಾಗತೊಡಗಿತು. ಒಂದು ಹೆಜ್ಜೆಗೆ ಒಂದು ಉಸಿರು, ಆಮೇಲೆ ಮೂರು ಉಸಿರು. ಬದಿಯ ಪಟ್ಟಿಗಳು ಮುಂದಾದವು.

ಯಾರೂ ಕೂಗಲಿಲ್ಲ. ಪಕ್ಕದ ಪಟ್ಟಿಯಲ್ಲಿದ್ದ ಭೀಮಕ್ಕ ಕೈ ಚಾಚಿ ಗಾದ್ರಮ್ಮನ ಪಟ್ಟಿಯೊಳಗೂ ಎರಡೆರಡು ಸಸಿ ಊರುತ್ತ ಬಂದಳು. ಸ್ವಲ್ಪ ಹೊತ್ತಿಗೆ ಗಾದ್ರಮ್ಮನ ಪಾಲಿಗೆ ಉಳಿದದ್ದು ಎರಡು ಗೇಣು ಅಗಲದ ಪಟ್ಟಿ.

“ಯಾಕೆ ಭೀಮಿ, ನನ್ನ ಪಟ್ಟಿ ಸಣ್ಣದಾಗೈತೆ?”

ಭೀಮಕ್ಕ ಇನ್ನೂ ಎರಡು ಸಸಿ ಊರಿದಳು.

“ಕೈ ತೆಗಿ. ದೊಡ್ಡಿಗೆ ಹಾಕೋದಾದ್ರೆ ಹಾಕು. ಹಿಂಗೆ ಮಾಡಬ್ಯಾಡ.”

“ಸುಮ್ನೆ ಸಸಿ ಹಚ್ಚೇ ಗಾದ್ರಿ. ಬಿಸಿಲು ಏರ್ತೈತೆ.”

“ಕೂಗ್ರೇ ಯಾರಾದ್ರೂ. ದೊಡ್ಡಿಗೆ ಬಿದ್ದೀನಿ, ಕಾಣಲ್ವೇನು?”

ಹದಿನಾಲ್ಕು ಹೆಂಗಸರಲ್ಲಿ ಒಬ್ಬಳೂ ಬಾಯಿ ತೆರೆಯಲಿಲ್ಲ. ಇಪ್ಪತ್ತಾರು ವರ್ಷ ಅವರನ್ನು ಆಡಿಕೊಂಡು ನಕ್ಕವಳನ್ನು ನೋಡಿ ಅವರಿಗೆ ನಗು ಬರಲಿಲ್ಲ. ಗಾದ್ರಮ್ಮ ಅವರ ಮುಖ ನೋಡಬೇಕೆಂದು ನಡು ನೆಟ್ಟಗೆ ಮಾಡಿ ನಿಂತಳು. ನಿಂತದ್ದೇ ಮುಖ ಬಿಳಿಚಿತು. ಆಗತಾನೇ ಊರಿದ ಸಸಿಗಳ ಮೇಲೆ ಮೆಲ್ಲನೆ ಕುಸಿದು ಕುಳಿತಳು. ಏಳಲು ಕೈ ಊರಿದರೆ ಕೈ ಹೂತಿತು. ಚೈತ್ರಶ್ರೀಯೂ ಭೀಮಕ್ಕನೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಬದುವಿಗೆ ತಂದರು.

ಕಾಲು ತೊಳೆದಾಗ ಕಡಗ ಚರ್ಮದೊಳಗೆ ಹೂತಂತೆ ಕಾಣಿಸಿತು. ಮಾರುತೇಶ ಆಟೋ ತಂದ. ಹೊನ್ನಾಳಿಯ ಡಾಕ್ಟರು ಆಕೆಯ ಮೀನಖಂಡದ ಪಕ್ಕ ಹೆಬ್ಬೆರಳು ಒತ್ತಿ ತೆಗೆದರು. ಹಸಿ ಹಿಟ್ಟಿನಲ್ಲಿ ಬೆರಳಿಟ್ಟಂತೆ ಅಲ್ಲೊಂದು ಕುಳಿ ಉಳಿಯಿತು.

“ಇದು ನೀರು,” ಎಂದರು ಅವರು. “ಹಾರ್ಟ್ ಸ್ವಲ್ಪ ಸುಸ್ತಾಗಿದೆ. ಕಾಲಿನ ಸ್ನಾಯುವೂ ರಕ್ತವನ್ನು ಮೇಲೆ ತಳ್ತಾ ಇಲ್ಲ. ದಿನವೆಲ್ಲ ಕಾಲು ಇಳಿಬಿಟ್ಟು ಕೂರಿಸಿದ್ರಾ?”

ಮಾರುತೇಶ ನನ್ನ ಕಡೆ ನೋಡಲಿಲ್ಲ. ಆ ಹುಡುಗನ ಸೌಜನ್ಯ ಅದು. ಕುರ್ಚಿ ನಾನು ಕೊಟ್ಟದ್ದೆಂದು ನಾನೇ ಹೇಳಿದೆ.

ಕಡಗಗಳನ್ನು ಅಕ್ಕಸಾಲಿಗರು ಕತ್ತರಿಸಿ ತೆಗೆದರು. ಡಾಕ್ಟರು ನೀರು ಇಳಿಯಲು ಮಾತ್ರೆ ಕೊಟ್ಟಿದ್ದರು. ಕುಳಿತರೆ, ಮಲಗಿದರೆ ಕಾಲು ಎತ್ತರದಲ್ಲಿರಬೇಕು, ಮನೆಯೊಳಗೆ ಮೆಲ್ಲಗೆ ನಡೆಯಬಹುದು, ಗದ್ದೆ ಬೇಡ ಎಂದಿದ್ದರು. ಹನ್ನೆರಡು ದಿನಕ್ಕೆ ಊತ ಪೂರ್ತಿ ಇಳಿಯಿತು. ಗಾದ್ರಮ್ಮ ನನ್ನನ್ನು ಕರೆಸಿ, “ಅಳೀರಿ,” ಎಂದಳು.

“ಈಗ ಯಾಕೆ ಗಾದ್ರಮ್ಮ?”

“ನಿಜವಾದ ಕಾಲು ಎಷ್ಟೈತೆ ನೋಡ್ತೀನಿ.”

ಅಳೆದೆ. ಹನ್ನೊಂದೂ ಕಾಲು. ಆಕೆಗೆ ಓದಲು ಬಾರದು. ಟೇಪನ್ನು ಚೈತ್ರಶ್ರೀಯೂ ನೋಡಿದಳು, ನೋಡಿ ನನ್ನ ಮುಖ ನೋಡಿದಳು. ನಾನು ಇದ್ದುದನ್ನೇ ಹೇಳಿದೆ.

“ಮಂಚದಿಂದ ಎದ್ದಾಗ ಇದ್ದದ್ದೂ ಇಲ್ಲ, ಹಂಗಾದ್ರೆ.”

“ಇಲ್ಲ.”

“ಇನ್ನೂ ಮಾಡಿದ್ರೆ?”

“ಮಾಡಿದರೆ ಇದ್ದದ್ದು ಉಳಿಯಬಹುದು. ಸ್ವಲ್ಪ ಬರಲೂಬಹುದು. ಮನೆಯೊಳಗೆ ಓಡಾಡಿಕೊಂಡಿರೋವಷ್ಟು.”

“ಗದ್ದೆಗೆ?”

“ಇಲ್ಲಮ್ಮ.”

ಎತ್ತಿದ್ದ ಸೀರೆಯನ್ನು ಪಾದದವರೆಗೆ ಎಳೆದುಕೊಂಡಳು. ಆಮೇಲೆ ಸೊಸೆಗೆ, “ನಾಳೆಯಿಂದ ಬದುವಿನ ಪಟ್ಟಿ ನೀನು ಹಿಡಿ. ಭೀಮಿಗೆ ಬಿಡಬ್ಯಾಡ, ಆಕೆಗೆ ಮಾತು ಜಾಸ್ತಿ,” ಎಂದಳು. ಗೋಡೆಯ ಕಡೆ ಹೊರಳಿದಳು.

ಚೈತ್ರಶ್ರೀ ಹಿಡಿದಿದ್ದಾಳೆ. ಕೈ ಚೆನ್ನಾಗಿದೆಯೆಂದು ಗುಂಪಿನವರು ಹೇಳುತ್ತಾರೆ. ಗಾದ್ರಮ್ಮ ಹಿಮ್ಮಡಿ ಎತ್ತುವುದನ್ನೂ ಬಿಟ್ಟಿದ್ದಾಳೆ. ಇದ್ದದ್ದು ಉಳಿಯಬೇಕಲ್ಲ ಎಂದು ನಾನು ಹಲವು ಸಲ ಹೇಳಿದೆ. “ಯಾತಕ್ಕೆ ಉಳಿಸ್ಲಿ ಮೇಷ್ಟ್ರೇ,” ಎಂದಳು. ಈಗ ಬಚ್ಚಲಿಗೆ ಹೋಗಲೂ ಸೊಸೆಯ ತೋಳು ಬೇಕು. ಸೊಸೆ ನಾಟಿಗೆ ಹೋದ ದಿನ, ನಡುವೆ ಏಳುವ ಪ್ರಸಂಗ ಬರಬಾರದೆಂದು, ಆಕೆ ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ.