ಈವಾ ಅವರ ಅಪ್ಪನ ಬೂದು ಬಣ್ಣ

ಅಮೆರಿಕದ ವೆಸ್ಟ್ ವಿಂಡ್ಸರಿನ ನಮ್ಮ ಟೌನ್‌ಹೌಸಿನ ಬಾಗಿಲ ಮುಂದೆ ಒಂದು ತುಂಡು ಕಾಂಕ್ರೀಟು ಇದೆ ನೋಡಿ, ನನ್ನ ಪಾಲಿಗೆ ಅಂಗಳವೆಂದರೆ ಅದೇ. ಬೆಳಿಗ್ಗೆ ದೀಪ ಹಚ್ಚುವ ಮುಂಚೆ ಅಲ್ಲೊಂದು ಪುಟ್ಟ ರಂಗೋಲಿ ಎಳೆಯುತ್ತೇನೆ. ಅರ್ಧ ಗಾಳಿಗೆ, ಇನ್ನರ್ಧ ಡೆಲಿವರಿಯವರ ಬೂಟಿಗೆ ಹೋಗುತ್ತದೆ. ಇಷ್ಟು ಜಾಗವನ್ನಾದರೂ ಕೊಟ್ಟನಲ್ಲ ಭಗವಂತ ಎಂದುಕೊಂಡು ಮರುದಿನ ಮತ್ತೆ ಕೂರುತ್ತೇನೆ.

ಅತ್ತೆ ತೀರಿಕೊಂಡಾಗ, ಸೂತಕದ ದಿನಗಳಲ್ಲಿ, ಆ ನೆಲ ಬರಿದಾಗಿತ್ತು. ಪಕ್ಕದ ಮನೆಯ ಈವಾ, ಎಂಬತ್ತು ದಾಟಿದ ಪೋಲೆಂಡಿನ ಹೆಂಗಸು, ಯಾರೂ ಹೇಳದೆಯೇ ಸೂಪಿನ ಪಾತ್ರೆ ಹಿಡಿದು ಬಂದರು. "ಬಾಗಿಲಲ್ಲಿ ಹೂವಿಲ್ಲ. ಯಾರು ಹೋದರು? ಹೆದರಬೇಡ, ಇದರಲ್ಲಿ ಮಾಂಸ ಹಾಕಿಲ್ಲ."

ನನ್ನ ಬರಿ ನೆಲವನ್ನು ಅಷ್ಟು ಸಲೀಸಾಗಿ ಓದಿಕೊಂಡವರ ಮನೆಯ ಗೋಡೆಯ ಚಿತ್ರ ಮಾತ್ರ ನನಗೆ ಓದಲು ಬರುತ್ತಿರಲಿಲ್ಲ. ಉದ್ದಗಲಕ್ಕೂ ಬೂದು, ಬೂದಿನ ಮೇಲೆ ಮತ್ತಷ್ಟು ಬೂದು. ಅವರಪ್ಪ ಬರೆದದ್ದಂತೆ. ಈಚೆಗೆ ಈವಾ ವೃದ್ಧರ ವಸತಿಯ ಒಂದೇ ಕೋಣೆಗೆ ಹೊರಟರು. ಚಿತ್ರಕ್ಕೆ ಅಲ್ಲಿ ಗೋಡೆಯಿಲ್ಲ, ಮಗನಿಗೆ ಬೇಡ. ಶನಿವಾರ ಬರುವ ಕಸದ ಲಾರಿಯೇ ಗತಿ. "ನೀನು ಇಟ್ಟುಕೊಳ್ತೀಯಾ?" ಎಂದರು. ನಾನು ಯಜಮಾನರನ್ನು ಕರೆತಂದೆ.

ಅವರು ಕೈ ಹಿಂದೆ ಕಟ್ಟಿ ನೋಡಿ, ಮೆಲ್ಲಗೆ, "ಏನೇ ಇದು, ಪ್ರೈಮರ್ ಹೊಡೆದು ಪೇಂಟರು ಊಟಕ್ಕೆ ಹೋದನಾ?" ಎಂದರು.

"ಸುಮ್ನಿರ್ರೀ."

ಈವಾ ನಕ್ಕರು. "ಏನಂದರೆಂದು ಗೊತ್ತಾಯಿತು. ನನ್ನ ಗಂಡನೂ ಅದನ್ನೇ ಅಂದಿದ್ದ, ಪೋಲಿಷಿನಲ್ಲಿ."

ಆಮೇಲೆ ಹೇಳಿದರು. ಅಪ್ಪ ಮುಖಚಿತ್ರ ಬರೆಯುವವರು. ಎರಡನೇ ಮಹಾಯುದ್ಧದಲ್ಲಿ ಊರನ್ನು ಹಿಡಿದ ಜರ್ಮನ್ ಅಧಿಕಾರಿಗಳು ತಮ್ಮ ಮುಖಗಳನ್ನು ಅವರಿಂದ ಬರೆಸಿಕೊಂಡರು. ಮನೆಯಲ್ಲಿ ಕೈಗೂಸು, ಬರೆದುಕೊಟ್ಟರು. ಯುದ್ಧ ಮುಗಿದು ಬಂದ ಹೊಸ ಸರ್ಕಾರವೂ ಮುಖವನ್ನೇ ಕೇಳಿತು: ನಗುವ ಕಾರ್ಮಿಕರು, ತುಂಬಿದ ಗಾಡಿಗಳು. ಬೇಕರಿಯ ಮುಂದೆ ಇನ್ನೂ ಕ್ಯೂ, ಕಿಟಕಿಯಾಚೆ ಇನ್ನೂ ಸುಟ್ಟ ಮನೆಗಳ ಸಾಲು. ಅಪ್ಪ ಒಲ್ಲೆನೆಂದರು. ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುತ್ತ, ಮನೆಯಲ್ಲಿ ತಮಗಾಗಿ ಈ ಬೂದು ಬಳಿದರು.

ಆಬ್‌ಸ್ಟ್ರ್ಯಾಕ್ಟ್ ಎಂದರೆ ಅರ್ಥವಿಲ್ಲದ್ದು ಎಂದುಕೊಂಡಿದ್ದವಳು ನಾನು. ಆದರೆ ಸೂತಕದ ಮನೆಯವಳಿಗೆ ಇಷ್ಟು ತಿಳಿಯದೇ? ರಂಗೋಲಿ ಎಳೆಯಬಲ್ಲ ಕೈಯೇ ಅಲ್ಲವೇ ಆ ದಿನಗಳಲ್ಲಿ ಎಳೆಯದೆ ಸುಮ್ಮನಿರುವುದು? ಆ ಯುದ್ಧವಾದ ಮೇಲೆ ನಾಡಿಗೆ ನಾಡೇ ಸೂತಕದಲ್ಲಿದ್ದಾಗ, ಬೂದಿ ಆರುವ ಮುಂಚೆಯೇ ಹೂ ಬರೆಯಿರೆಂದು ಅಪ್ಪಣೆಯಾದರೆ, ಬರೆಯದಿರುವುದೂ ಒಂದು ಮಾತಲ್ಲವೇ, ಅದಕ್ಕೂ ಎದೆ ಬೇಡವೇ? ಆ ಕಾಲದ ಚಿತ್ರಗಳೆಲ್ಲ ಹೀಗೇ ಎಂದು ನಾನು ಹೇಳಲಾರೆ. ಬಣ್ಣದ ಖುಷಿಗೇ ಬಳಿದವರೂ ಇರಬಹುದು. ಈ ಒಂದರ ಮುಂದೆ ಮಾತ್ರ ನನಗೆ ಚಪ್ಪಲಿ ಬಿಡಬೇಕೆನಿಸಿತು.

ಶುಕ್ರವಾರ ಇಬ್ಬರೂ ಹೊತ್ತು ತಂದು ನಮ್ಮ ಹಾಲ್‌ನಲ್ಲಿ ಎತ್ತರಕ್ಕೆ ತೂಗುಹಾಕಿದೆವು. ಕಡೆಯ ಕಾಫಿಗೆ ಬಂದ ಈವಾ ಬೆರಳೆತ್ತಿ ಕೆಳ ಅಂಚನ್ನು ತೋರಿಸಿದರು. ನಮ್ಮ ಕಿಟಕಿಯ ಬೆಳಕಿಗೆ ಅಲ್ಲೊಂದು ಕೆಂಪು ಗೀರು ಕಂಡಿತು, ಸೊಟ್ಟಗೆ.

"ಅದು ನಾನು. ಒದ್ದೆ ಬಣ್ಣದ ಮೇಲೆ ಇಟ್ಟಿಗೆ ಚೂರು ಎಳೆದು, ಬೈಗುಳಕ್ಕೆ ಹೆದರಿ ಮೇಜಿನ ಕೆಳಗೆ ಅಡಗಿದ್ದೆ. ಅಪ್ಪ ಅಳಿಸಲಿಲ್ಲ. ಬ್ರಷ್ ತೊಳೆದಿಟ್ಟು, ಚಿತ್ರ ಮುಗಿಯಿತು ಅಂದರು."

ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟು, "ತಡಿಯೇ, ಇದನ್ನ ಸ್ವಲ್ಪ ಕೆಳಗೆ ಹಾಕೋಣ, ಆ ಗೀರು ಕಾಣ್ಲಿ" ಎಂದು ಸುತ್ತಿಗೆ ತರಲು ಗರಾಜಿಗೆ ಹೋದರು.